ಹೊಗೆಗೂಡಿನಲ್ಲಿ ಸಿಕ್ಕ ಗೋಣಿಚೀಲ

ಒದ್ದೆ ಮಸಿಯ ವಾಸನೆ ಬಂದರೆ ಈಗಲೂ ನನಗೆ ಹೊಳವನಹಳ್ಳಿಯ ನಮ್ಮ ಮನೆಯ ಹೊಗೆಗೂಡು ಕೆಡವಿದ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಅವ್ವನಿಗೆ ಕೆಮ್ಮು ನಿಲ್ಲುತ್ತಿರಲಿಲ್ಲ. ಹೊಗೆ ತಾಗಕೂಡದು ಎಂದು ಕೊರಟಗೆರೆಯ ಡಾಕ್ಟರು ಹೇಳಿದ್ದರಿಂದ ಮನೆಗೆ ಗ್ಯಾಸ್ ಬಂದಿತ್ತು. ಹಳೆಯ ಒಲೆಯನ್ನೂ ಹೊಗೆಗೂಡನ್ನೂ ಕಟ್ಟಿದವಳು ಅವ್ವನೇ. ಒಡೆಯುವ ಮೊದಲು ಒಲೆಗೆ ಅರಿಶಿನ ಕುಂಕುಮ ಇಟ್ಟು, ಹಾಲು ಚಿಮುಕಿಸಿ, ಕೈಮುಗಿದು ಹಿಂದೆ ಸರಿದಳು.

"ಕಟ್ಟೋಕೆ ಬರದಿದ್ರೆ ಸುಮ್ನಿರ್ಬೇಕಿತ್ತು ಕಣಮ್ಮ. ವರ್ಷದಿಂದ ಹೊಗೆಯೆಲ್ಲ ಮನೆ ಒಳಕ್ಕೇ ಬತ್ತೈತೆ," ಎಂದರು ಅಜ್ಜಿ.

ಗಾರೆ ಕೆಲಸದವನು ಮಸಿ ಹಾರದಂತೆ ನೀರು ಹೊಯ್ದು, ಮೇಲಿನಿಂದ ಇಟ್ಟಿಗೆ ಕೀಳತೊಡಗಿದ. ಸ್ವಲ್ಪ ಹೊತ್ತಿಗೆ ಕಲ್ಲಿನಂತೆ ಗಟ್ಟಿಯಾಗಿದ್ದ ಗೋಣಿಚೀಲವೊಂದು ಕೆಳಗೆ ಬಿತ್ತು.

"ಬಾಯಿಗೇ ಚೀಲ ತುರುಕವ್ರೆ! ಹೊಗೆ ಹೆಂಗೆ ಹೋದೀತು?" ಎಂದು ಅವನು ನಕ್ಕ.

"ಯಾರ್ಲಾ ಇದ್ನ ತುರುಕಿದ್ದು?" ಎಂದು ಅಜ್ಜಿ ಅಪ್ಪನನ್ನು ಕೇಳಿದರು. ಅಪ್ಪ ಬಗ್ಗಿ ಇಟ್ಟಿಗೆ ಜೋಡಿಸುತ್ತಿದ್ದ.

"ನಾನೇ ಕಣತ್ತೆ," ಎಂದಳು ಅವ್ವ. "ಮಳೆ ನೀರು ಒಲೆಗೆ ಬೀಳ್ತಿತ್ತು. ಆಮೇಲೆ ತೆಗೆಯೋದ್ನ ಮರ್ತ್‌ಬುಟ್ಟೆ."

ಹಿಂದಿನ ಮಳೆಗಾಲದಲ್ಲಿ ಆ ಚೀಲ ಹಿಡಿದು ಅಪ್ಪ ಮೇಲೆ ಹತ್ತಿದಾಗ ಏಣಿ ಹಿಡಿದುಕೊಂಡಿದ್ದವಳು ನಾನು. ಅವ್ವ ನನ್ನತ್ತ ಒಮ್ಮೆ ನೋಡಿದಳು. ನಾನೂ ಅಪ್ಪನ ಪಕ್ಕ ಬಗ್ಗಿ ಇಟ್ಟಿಗೆ ಎತ್ತಿಕೊಡತೊಡಗಿದೆ.

ಗ್ಯಾಸಿನಲ್ಲಿ ಅವ್ವ ಅಡುಗೆ ಮಾಡಿದ್ದು ಎರಡೇ ತಿಂಗಳು. ಅವಳ ತಿಥಿಯ ದಿನ ಅಜ್ಜಿ ಊಟಕ್ಕೆ ಕೂತವರಿಗೆಲ್ಲ, "ತನ್ನ ಕೈಯಾರೆ ಮಾಡ್ಕೊಂಡ್ಲು ಕಣ್ರಪ್ಪ," ಎಂದು ಹೇಳುತ್ತಿದ್ದರು. ಅಪ್ಪ ತಲೆ ತಗ್ಗಿಸಿ ಎಲೆಗಳಿಗೆ ಅನ್ನ ಬಡಿಸುತ್ತ ಹೋದ.