ಐದನೆಯವಳ ಸರದಿ

"ಅಂಥ ಅಪ್ಪನ್ನ ಕಂಬಕ್ಕೆ ಕಟ್ಟಿ ಬಾರಿಸ್ಬೇಕು ಮೇಷ್ಟ್ರೇ!" ಎಂದು ಕ್ಷೌರಿಕ ಕತ್ತಿಯನ್ನು ಗಾಳಿಯಲ್ಲಿ ಬೀಸಿದ. ಮುಖದ ತುಂಬ ಸೋಪಿನ ನೊರೆ ಹೊತ್ತು ಕುಳಿತಿದ್ದ ಮೇಷ್ಟ್ರು ತಮ್ಮ ಕೆನ್ನೆಯ ಕ್ಷೇಮ ನೆನೆದು, ಬಾಯಿ ತೆರೆಯದೆ ಹೂಂಗುಟ್ಟಿದರು.

ಅಂಗಡಿಯ ಟೀವಿಯಲ್ಲಿ ನಿನ್ನೆಯ ಸಾಕ್ಷ್ಯಚಿತ್ರವನ್ನೇ ಮತ್ತೆ ತೋರಿಸುತ್ತಿದ್ದರು. ಒಂದು ಮನೆ, ಮನೆ ತುಂಬ ಮಕ್ಕಳು. ಯಾರು ಉಂಡರು, ಯಾರು ಬಿದ್ದು ಮಂಡಿ ಒಡೆದುಕೊಂಡರು ಎಂಬ ಪರಿವೆಯೇ ಹೆತ್ತವರಿಗಿಲ್ಲ. ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿಯೊಬ್ಬಳು ಕ್ಯಾಮೆರಾ ನೋಡಿಕೊಂಡು, "ನನ್ನೊಬ್ಳನ್ನೇ ಯಾರೂ ಕರೆಯಲ್ಲ. ಎಲ್ರನ್ನೂ ಕರೆದಾಗ ನಾನೂ ಹೋಗ್ತೀನಿ," ಎಂದಳು. ಬೆಂಚಿನ ಮೇಲೆ ಕಾಯುತ್ತಿದ್ದ ಲಾರಿ ಡ್ರೈವರ್ ಲೊಚಗುಟ್ಟಿದ.

"ನೋಡ್ಕೊಳ್ಳೋಕೆ ಆಗ್ದಿದ್ಮೇಲೆ ಯಾಕ್ರೀ ಹೆರ್ಬೇಕು?"

"ನಮ್ಮನೇಲೂ ಏಳು ಇವೆಯಪ್ಪಾ," ಎಂದ ಕ್ಷೌರಿಕ ಎದೆಯುಬ್ಬಿಸಿ. "ಒಂದಕ್ಕಾದ್ರೂ ಏನಾದ್ರೂ ಕಡಿಮೆ ಮಾಡಿದೀನಾ, ಕೇಳಿ ಬೇಕಾದ್ರೆ! ನಿನ್ನೆ ಇದನ್ನ ನೋಡಿ ನಮ್ಮವಳು ಅತ್ತೇಬಿಟ್ಲು. ನಾನಂತೂ ಥೂ, ಮನುಷ್ಯರಾ ಇವ್ರು ಅಂತ ಉಗಿದು ಟೀವಿ ಆರಿಸ್ದೆ."

ಹೀಗೆಂದು ಕನ್ನಡಿಯತ್ತ ತಿರುಗಿದವನಿಗೆ, ಡ್ರೈವರನ ದೊಡ್ಡ ಮೈಯ ಮರೆಯಲ್ಲಿ ಬೆಂಚಿನ ತುದಿಗೆ ಕೂತ ಹುಡುಗಿ ಕಂಡಳು. ಕೂದಲು ಕಣ್ಣಿಗೆ ಇಳಿದಿತ್ತು. ಅವನದ್ದೇ ಐದನೆಯ ಮಗಳು. ಎಷ್ಟನೇ ಕ್ಲಾಸು ಎಂದು ಯಾರಾದರೂ ಕೇಳಿದರೆ ಅವನು ಹೆಂಡತಿಯ ಮುಖ ನೋಡುತ್ತಾನೆ.

"ಏ ಚಿನ್ನಿ... ಅಲ್ಲ, ಮುದ್ದು... ಥತ್, ಗುಬ್ಬೀ! ನೀನ್ಯಾಕೆ ಬಂದೆ? ಅಮ್ಮ ಕಳಿಸಿದ್ಲಾ?"

"ಇಲ್ಲ. ಕೂದಲು ಕತ್ತರಿಸ್ಕೊಳ್ಳೋಕೆ ಬಂದೆ."

"ಭಾನುವಾರ ಎಲ್ರಿಗೂ ಮಾಡ್ತೀನಲ್ಲ? ನಡಿ ಮನೆಗೆ."

"ಭಾನುವಾರ ಬೇಡ. ಇಲ್ಲೇ ಮಾಡು."

ಮೂರು ತಿಂಗಳಿಗೊಮ್ಮೆ ಬರುವ ಮನೆಯ ಕ್ಷೌರದ ಭಾನುವಾರವೆಂದರೆ ಹಿತ್ತಿಲಲ್ಲೊಂದು ಸ್ಟೂಲು. ಏಳೂ ತಲೆಗಳ ಮೇಲೆ ಒಂದೇ ಅಳತೆಗೆ ಮಷಿನ್ ಓಡುತ್ತದೆ, ಬೇಲಿ ಸವರಿದ ಹಾಗೆ. ಒಂದು ತಲೆ ಮುಗಿಯುವ ಮೊದಲೇ "ಹೂಂ, ಮುಂದಿನದು ಬರ್ಲಿ!" ಎಂಬ ಕೂಗು. ಅಂಗಡಿಯ ಕಥೆಯೇ ಬೇರೆ. ಯಾರ ನೆತ್ತಿಯಲ್ಲಿ ಎರಡು ಸುಳಿ, ಯಾರ ಕಿವಿಯ ಹಿಂದೆ ನರೂಲಿ, ಎಲ್ಲವೂ ಇಲ್ಲಿ ಅವನಿಗೆ ಬಾಯಿಪಾಠ. ಗಿರಾಕಿಗೆ ಬಟ್ಟೆ ಹೊದಿಸಿ, ಕನ್ನಡಿಯಲ್ಲಿ ಅವರ ಕಣ್ಣು ನೋಡಿ, "ಹೇಗೆ ಮಾಡ್ಲಿ?" ಎಂದು ಕೇಳದೆ ಕತ್ತರಿ ಮುಟ್ಟುವವನೇ ಅಲ್ಲ. ಸರದಿಯ ವಿಷಯದಲ್ಲಂತೂ ಮಹಾ ನಿಯತ್ತಿನ ಮನುಷ್ಯ. ಊರಿಗೇ ದೊಡ್ಡವರು ಬಂದು ನಿಂತರೂ ಮೊದಲು ಬಂದವರಿಗೇ ಮೊದಲು ಕುರ್ಚಿ. ಅಪ್ಪನಿಗೆ ಊಟದ ಡಬ್ಬಿ ಕೊಡಲು ಬಂದಾಗಲೆಲ್ಲ ಗುಬ್ಬಿ ಬಾಗಿಲಲ್ಲಿ ನಿಂತು ಇದನ್ನು ಕಣ್ತುಂಬ ನೋಡಿ ಹೋಗುತ್ತಿದ್ದಳು.

ಮೇಷ್ಟ್ರ ಕ್ಷೌರ ಮುಗಿಯಿತು. ಕ್ಷೌರಿಕ ಕುರ್ಚಿ ಕೊಡವಿ, "ಬನ್ನಿ ಡ್ರೈವರ್ರೇ," ಎಂದ. ಡ್ರೈವರ್ ಏಳುವಷ್ಟರಲ್ಲಿ ಗುಬ್ಬಿ ಎದ್ದು ಕುರ್ಚಿಯ ಪಕ್ಕ ನಿಂತಾಗಿತ್ತು.

"ನಾನು ಮೊದ್ಲು ಬಂದಿದ್ದು."

"ಹಟ ಮಾಡ್ಬೇಡ ಗುಬ್ಬಿ, ಅವ್ರು ಆಗ್ಲಿಂದ ಕಾಯ್ತಿದಾರೆ."

"ನಾನೂ ಕಾದೆ."

ಹುಡುಗಿಯ ತುಟಿ ಅದುರುತ್ತಿತ್ತು. ಕುರ್ಚಿಯ ಕೈಯನ್ನು ಹಿಡಿದ ಹಿಡಿ ಮಾತ್ರ ಸಡಿಲವಾಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಮೇಷ್ಟ್ರು, "ನಿನ್ನ ಅಂಗಡೀದೇ ಕಾನೂನು ಕಣಯ್ಯ. ಕೂರಿಸು," ಎಂದರು. ಡ್ರೈವರೂ ಮತ್ತೆ ಬೆಂಚಿಗೆ ಕುಸಿದು, "ನಾನು ಬಂದಾಗ್ಲೇ ಕೂತಿತ್ತು ಮಗು. ಆಗ್ಲಿ ಬಿಡ್ರೀ, ನಂಗೇನು ರೈಲು ತಪ್ಪುತ್ತಾ?" ಎಂದ.

ಕ್ಷೌರಿಕ ಗೊಣಗುತ್ತ ಕುರ್ಚಿಯ ಕೈಗಳ ಮೇಲೆ ಮಕ್ಕಳ ಹಲಗೆ ಇಟ್ಟು ಮಗಳನ್ನು ಎತ್ತಿ ಕೂರಿಸಿದ. ಮಗಳೆಂದಮೇಲೆ ಕೇಳುವುದೇನು ಎಂದು ಕೈ ತಾನಾಗಿಯೇ ಮಷಿನ್ ಎತ್ತಿಕೊಂಡಿತು. ಕಿವಿ ಮಡಚಿದವನು ಹಾಗೇ ನಿಂತುಬಿಟ್ಟ. ಕಿವಿಯ ಹಿಂದೆ ಉದ್ದಕ್ಕೆ ಒಂದು ಗಾಯದ ಕಲೆ.

"ಅಯ್ಯೋ, ಏನೇ ಇದು? ಎಲ್ಲಿ ಬಿದ್ದೆ? ಸ್ಕೂಲಲ್ಲಿ ಯಾರಾದ್ರೂ ಹೊಡೆದ್ರಾ? ಯಾರು ಅಂತ ಹೇಳು, ಅವ್ರನ್ನ ಸುಮ್ನೆ ಬಿಡಲ್ಲ ನಾನು!"

"ನಿನ್ನ ಮಷಿನ್ನೇ ಅಪ್ಪ. ಹೋದ್ಸಲ ತಾಗ್ತು."

"ಆಗ್ಲೇ ಹೇಳ್ಬಾರ್ದಾ ಪುಟ್ಟಾ?"

"ಹೇಳ್ದೆ. ನೀನು ಮುಂದಿನದು ಬರ್ಲಿ ಅಂದೆ."

ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲು ಕ್ಷೌರಿಕನಿಗೆ ನಾಚಿಕೆಯಾಯಿತು. ಈ ಕಿವಿಯನ್ನು ಎಷ್ಟೋ ಸಲ ಮಡಚಿದ್ದ, ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಮೇಷ್ಟ್ರು ಯಾರನ್ನೂ ಕೇಳದೆ ಹೋಗಿ ಟೀವಿ ಆರಿಸಿದರು.

ಅವನು ಮಷಿನ್ ಎತ್ತಿಟ್ಟ. ಗಿರಾಕಿಗಳಿಗೆಂದು ಮಡಚಿಟ್ಟ ಒಗೆದ ಬಟ್ಟೆ ತೆಗೆದು ಕೊಡವಿ ಮಗಳ ಕೊರಳಿಗೆ ಸುತ್ತಿದ. ಬಾಚಣಿಗೆಯಿಂದ ಅವಳ ಕಣ್ಣ ಮೇಲಿನ ಕೂದಲನ್ನು ಬದಿಗೆ ಸರಿಸಿ, ಒಳ್ಳೆಯ ಕತ್ತರಿಯನ್ನು ಕೈಗೆತ್ತಿಕೊಂಡ. ಆಮೇಲೆ ಕನ್ನಡಿಯಲ್ಲಿ ಅವಳ ಕಣ್ಣು ನೋಡಿದ.

"ಹೇಗೆ ಮಾಡ್ಲಿ, ಗುಬ್ಬಿ?"

ಉತ್ತರವನ್ನು ನಿನ್ನೆಯಿಂದಲೇ ಸಿದ್ಧ ಮಾಡಿಟ್ಟುಕೊಂಡಿದ್ದಳು ಹುಡುಗಿ. ಹಲಗೆಯ ಮೇಲೆ ನೆಟ್ಟಗೆ ಕೂತು ಹೇಳಿದಳು:

"ನಿಧಾನಕ್ಕೆ ಮಾಡು."