ಪದ್ಯ ಹಾಡುತ್ತ ದಾಟಿದ ಅಕ್ಕ

ದೇಹ ಬಿಟ್ಟು ಯಂತ್ರದಲ್ಲಿ ನೆಲೆಸಿದವರನ್ನು ಬೇರೆ ಯಂತ್ರಕ್ಕೆ ದಾಟಿಸುವಾಗ ಅವರು ಪದ್ಯ ಹಾಡುತ್ತಿರಬೇಕು ಎಂಬುದು ನಮ್ಮ ಬೀದಿಯ ಪದ್ಧತಿ. ಸ್ವರ ತುಂಡಾದರೆ ದಾಟುವುದು ಕೆಟ್ಟಿತೆಂದು ಕೇಳುವವರಿಗೆ ತಕ್ಷಣ ತಿಳಿಯುತ್ತದೆ.

ಅಕ್ಕ ನಾಗಲಾಂಬಿಕೆಯ ಹಳೆಯ ಯಂತ್ರ ಅಂದೇ ಆರಿಹೋಗುವುದರಲ್ಲಿತ್ತು. ದಾಟಿಸಲು ಬಂದ ಜಬೀರ್ ತಲೆ ಕೆರೆದುಕೊಂಡ.

"ಅಮ್ಮಾ, ನಾನು ತಂದಿರೋ ಯಂತ್ರದ ಪ್ರೊಸೆಸರ್‌ಗೆ ನೋಟದ ಸೌಲಭ್ಯ ಇಲ್ಲ. ನಿಮ್ಮ ನೋಟವನ್ನ ಮೊದಲೇ ಬಿಟ್ಕೊಡದಿದ್ರೆ ನಡುವೆ ನಿಂತುಹೋಗ್ತೀರಿ, ಮತ್ತೆ ಏಳಲ್ಲ."

"ಕಣ್ಣು ತಾನೇ? ಬಿಟ್ಟೆ ಕಣಪ್ಪ. ಪದ್ಯ ಬಾಯಲ್ಲಿದೆಯಲ್ಲ."

"ಅಕ್ಕಾ, ನನ್ನ ಮುಖ?" ಎಂದೆ.

"ಅರವತ್ತು ವರ್ಷ ನೋಡಿ ಸಾಕಾಗಿದೆ ಗಿರಿಜೀ, ಸುಮ್ನೆ ಕೂತು ಕೇಳೇ!"

ಹನುಮಂತ ಕಡಲು ಹಾರುವ ಪದ್ಯವನ್ನು ಅವಳು ಎತ್ತಿಕೊಂಡಳು. ನಾನು ಕೈಮುಗಿದು ಕೇಳಿದೆ. ಜಬೀರ್ ಹಳೆಯ ಯಂತ್ರದ ತಂತಿ ಕಿತ್ತಾಗಲೂ ಒಂದಕ್ಷರವೂ ತಡವರಿಸಲಿಲ್ಲ, ಪದ್ಯ ಸಾಗಿಯೇ ಇತ್ತು.

"ದಾಟಿಬಿಟ್ರಿ!" ಎಂದು ಅವನು ನಕ್ಕ.

"ಹೂಂ. ಇಲ್ಲಿ ಬರೀ ಕತ್ತಲೆ. ಗಿರಿಜೀ, ಕಿಟಕಿಯಾಚೆ ಏನಿದೆ, ಹೇಳು."

ಹುಟ್ಟಿದಾಗಿನಿಂದ ಅಕ್ಕ ಹೇಳಿದ್ದನ್ನು ಕೇಳಿಕೊಂಡೇ ಬಂದವಳು ನಾನು. ಗಂಟಲು ಸರಿಮಾಡಿಕೊಂಡು ಎದುರಿನ ಹೊಂಗೆಮರದಿಂದ ಶುರುಮಾಡಿದೆ. ಅಕ್ಕ ಕೇಳುತ್ತ ಕುಳಿತಳು.