ಬಿಳಿಯನ ಆರೈಕೆ

ಗಾಯಕ್ಕೆ ಹಚ್ಚುವ ಟಿಂಚರಿನ ವಾಸನೆ ಬಂದರೆ ಈಗಲೂ ಕೊಡ್ಲಿಪೇಟೆಯ ನಮ್ಮ ಹಿತ್ತಲ ಜಗಲಿ ನೆನಪಾಗುತ್ತದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಕಚ್ಚುತ್ತದೆಂದು ನನ್ನ ಗಂಡು ಮೊಲ ಬಿಳಿಯನಿಗೆ ದನದ ಡಾಕ್ಟರು ಬೀಜ ತೆಗೆದು ಹೊಲಿಗೆ ಹಾಕಿದ್ದರು. ಅಮ್ಮನಿಗೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ನೀರೂ ಕೊಡಬೇಡಿ ಅಂದಿದ್ದರು. ಅದನ್ನೇ ನೆನೆದು ನಾನು ಅವನ ಹುಲ್ಲು, ನೀರು ಎರಡನ್ನೂ ಎತ್ತಿಟ್ಟೆ. ಅವನು ಹುಲ್ಲಿನ ಖಾಲಿ ಗೋಣಿಯನ್ನು ಮೂಸುತ್ತಿದ್ದ. ಎರಡು ದಿನ ಮಡಿಲಲ್ಲೇ ಇಟ್ಟುಕೊಂಡು ಸವರಿದೆ. ಮೂರನೆಯ ಮಧ್ಯಾಹ್ನ ಅವನ ಮೈ ತಣ್ಣಗಾಯಿತು.

ಹೊಲಿಗೆ ನೋಡಲು ಬಂದ ಡಾಕ್ಟರು, "ಏನ್ ತಿಂತಿತ್ತವ್ವಾ?" ಎಂದು ಕೇಳಿದರು.

"ಏನೂ ಕೊಟ್ಟಿಲ್ಲ. ಆಪರೇಷನ್ ಆಗಿತ್ತಲ್ಲಾ?"

ಅವರು ಅಪ್ಪನ ಮುಖ ನೋಡಿದರು. ಅಪ್ಪ ನನ್ನ ತಲೆ ಸವರಿ, "ಹೊಲಿಗೆ ಬಿಚ್ಕೊಂಡಿತ್ತು ಕಣವ್ವಾ, ನಿಂದೇನೂ ತಪ್ಪಿಲ್ಲ" ಅಂದರು.

ಹೂಳುವ ಮೊದಲು ಬಿಳಿಯನ ಮೈ ಒರೆಸಿದವಳು ನಾನೇ. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.